ಖಿನ್ನತೆಯೊಳಗಿನ ಸಿಟ್ಟು: ಮನೆಯಲ್ಲಿ ಜಗಳ ಬೆಳೆಯದಂತೆ ನೋಡಿಕೊಳ್ಳುವುದು ಹೇಗೆ?

ಕುಕ್ಕರ್ ಕೂಗಿದ್ದಕ್ಕೆ, ಟಿ.ವಿ. ಸದ್ದು ತುಸು ಜೋರಾಗಿದ್ದಕ್ಕೆ, ಮಗು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದಕ್ಕೆ ರೇಗುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು ಎಂದರೆ ಅನೇಕರು ನಂಬುವುದಿಲ್ಲ. ಖಿನ್ನತೆಯೆಂದರೆ ಅಳು ಮತ್ತು ಮೌನ ಎಂಬುದೇ ನಮ್ಮ ರೂಢಿಯ ತಿಳಿವಳಿಕೆ. ಆದರೆ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ದುಃಖಕ್ಕಿಂತ ಸಿಡಿಮಿಡಿಯೇ ಎದ್ದು ಕಾಣುತ್ತಿದ್ದರೆ ವೈದ್ಯರು ಅದನ್ನು ಖಿನ್ನತೆಯ ಪ್ರಮುಖ ಲಕ್ಷಣಗಳಲ್ಲಿ ಒಂದಾಗಿ ಪರಿಗಣಿಸುತ್ತಾರೆ. ವಯಸ್ಕರಲ್ಲೂ ಇದು ಅಪರೂಪವೇನಲ್ಲ. ಗಂಡಸರ ವಿಷಯದಲ್ಲಂತೂ "ಅವನ ಸ್ವಭಾವವೇ ಹಾಗೆ" ಎಂಬ ಮಾತಿನ ಮರೆಯಲ್ಲಿ ಚಿಕಿತ್ಸೆ ಕಾಣದ ಖಿನ್ನತೆ ವರ್ಷಗಟ್ಟಲೆ ಉಳಿದುಬಿಡುವುದುಂಟು.

ಈ ಸಿಟ್ಟಿಗೆ ಕಾರಣಗಳಿವೆ. ನಿದ್ರೆ ಕೆಟ್ಟು, ಊಟ ರುಚಿಸದೆ, ಹಲ್ಲುಜ್ಜುವುದೂ ಭಾರವೆನಿಸುವಷ್ಟು ದಣಿದ ದೇಹಕ್ಕೆ ಸಣ್ಣ ಸದ್ದನ್ನೂ ಸಣ್ಣ ಬೇಡಿಕೆಯನ್ನೂ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಅದರ ಮೇಲೆ, "ನಾನು ಯಾವುದಕ್ಕೂ ಬಾರದವನು" ಎಂಬ ಆಪಾದನೆ ಮನಸ್ಸಿನೊಳಗೆ ದಿನವಿಡೀ ನಡೆಯುತ್ತಲೇ ಇರುವಾಗ, ಹೊರಗಿನಿಂದ ಬಂದ "ಹಾಲು ತಂದೆಯಾ?" ಎಂಬ ಪ್ರಶ್ನೆಯೂ ಅದೇ ಆಪಾದನೆಯ ಇನ್ನೊಂದು ಸಾಲಿನಂತೆ ಕೇಳಿಸುತ್ತದೆ. ರೇಗುತ್ತೇವೆ, ಅರ್ಧ ಗಂಟೆಯಲ್ಲಿ ಪಶ್ಚಾತ್ತಾಪವಾಗುತ್ತದೆ, ಆ ಪಶ್ಚಾತ್ತಾಪವೇ ಆಪಾದನೆಗೆ ಹೊಸ ಪುರಾವೆಯಾಗಿ ಮನಸ್ಸು ಇನ್ನಷ್ಟು ಕುಸಿಯುತ್ತದೆ, ಕುಸಿದ ಮನಸ್ಸು ಮರುದಿನ ಇನ್ನೂ ಬೇಗ ರೇಗುತ್ತದೆ. ಈ ಸುತ್ತನ್ನು ಕಡಿಯಬೇಕಾದರೆ, ಸಿಟ್ಟು ಉಕ್ಕಿದ ಗಳಿಗೆಗಿಂತ ಅದರ ಹಿಂದಿನ ಮತ್ತು ಮುಂದಿನ ಗಂಟೆಗಳ ಮೇಲೆ ಹೆಚ್ಚು ಗಮನ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಕ್ಕಿದ ಗಳಿಗೆಯಲ್ಲಿ ನಮ್ಮ ಕೈಯಲ್ಲಿರುವುದು ಬಹಳ ಕಡಿಮೆ.

ನಿಮ್ಮ ಕೆಟ್ಟ ಹೊತ್ತನ್ನು ಗುರುತಿಸಿಕೊಳ್ಳಿ

ಒಂದೆರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಮಾತ್ರ ಬರೆದಿಡಿ: ಸಿಟ್ಟು ಬಂದ ಹೊತ್ತು, ಹಿಂದಿನ ರಾತ್ರಿಯ ನಿದ್ರೆ, ಕೊನೆಯ ಊಟ ಯಾವಾಗ ಆಗಿತ್ತು, ಯಾವ ಮಾತಿಗೆ ರೇಗಿದಿರಿ. ಯಾರ ತಪ್ಪು ಎಂದು ಬರೆಯಬೇಡಿ; ಅದನ್ನು ಬರೆಯತೊಡಗಿದರೆ ಪುಸ್ತಕವೇ ಜಗಳದ ಕಡತವಾಗುತ್ತದೆ. ಖಿನ್ನತೆಯಿರುವ ಹಲವರಿಗೆ ಬೆಳಗಿನ ಹೊತ್ತೇ ಅತ್ಯಂತ ಭಾರವಾಗಿದ್ದು, ಸಂಜೆಯ ವೇಳೆಗೆ ಮನಸ್ಸು ತುಸು ಹಗುರಾಗುತ್ತದೆ. ಇನ್ನು ಕೆಲವರಿಗೆ ಕೆಲಸದಿಂದ ಮರಳಿದ ಮೊದಲ ಒಂದು ಗಂಟೆ ಕಷ್ಟದ್ದು. ನಿಮ್ಮದು ಯಾವುದೆಂದು ಗೊತ್ತಾದ ಮೇಲೆ, ಸಾಲ, ಮಕ್ಕಳ ಅಂಕ, ಆಸ್ತಿಯ ಪಾಲು, ಅತ್ತೆಮನೆಯ ವಿಚಾರಗಳಂಥ ಮಾತುಗಳನ್ನು ಆ ಹೊತ್ತಿಗೆ ಎತ್ತದಂತೆ ಮನೆಯವರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು.

ಇದನ್ನು ಸಮಾಧಾನದಲ್ಲಿರುವಾಗ, ಸ್ಪಷ್ಟವಾದ ಕೋರಿಕೆಯಾಗಿ ಹೇಳಬೇಕು. "ನನ್ನನ್ನು ನನ್ನ ಪಾಡಿಗೆ ಬಿಡಿ" ಎಂದರೆ ಕೇಳಿದವರಿಗೆ ನೋವಾಗುತ್ತದೆ, ಏನು ಮಾಡಬೇಕೆಂಬುದೂ ತಿಳಿಯುವುದಿಲ್ಲ. "ಅಮ್ಮ, ಎದ್ದ ಕೂಡಲೇ ಕೆಲಸದ ವಿಷಯ ಕೇಳಬೇಡ, ಆಗ ನನಗೆ ಉತ್ತರ ಕೊಡಲು ಆಗುವುದಿಲ್ಲ, ಹತ್ತು ಗಂಟೆಯ ಮೇಲೆ ಕೇಳು, ಖಂಡಿತ ಹೇಳುತ್ತೇನೆ" ಎಂದರೆ ತಾಯಿಗೆ ಮಾಡಲು ಒಂದು ಕೆಲಸ ಸಿಗುತ್ತದೆ, ಕಾಯಲು ಒಂದು ಹೊತ್ತೂ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಗಳ ತಪ್ಪಿಸುವುದೆಂದರೆ ಎಲ್ಲವನ್ನೂ ನುಂಗಿಕೊಳ್ಳುವುದೆಂದು ತಿಳಿದು, ಹೇಳಬೇಕಾದ ಸಣ್ಣ ಅಸಮಾಧಾನಗಳನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಂಡವರು ಒಂದು ದಿನ ಉಪ್ಪು ಕಡಿಮೆಯಾದ ಸಾರಿನ ನೆಪದಲ್ಲಿ ಹತ್ತು ವರ್ಷಗಳ ಲೆಕ್ಕವನ್ನೆಲ್ಲ ಹೊರಹಾಕುತ್ತಾರೆ. ಹೆಣ್ಣುಮಕ್ಕಳಿಗೆ ನಮ್ಮ ಮನೆಗಳು ಕಲಿಸುವುದೇ ಈ ನುಂಗಿಕೊಳ್ಳುವಿಕೆಯನ್ನು. ಅದು ಸಹನೆಯಂತೆ ಕಂಡರೂ ಖಿನ್ನತೆಗೆ ಒಳ್ಳೆಯದಲ್ಲ. ಒಂದು ಸಲಕ್ಕೆ ಒಂದೇ ವಿಷಯ, ಅದೂ ಆ ವಾರದ್ದೇ ಆಗಿರಲಿ. "ಯಾವಾಗಲೂ", "ಎಂದೂ" ಎಂಬ ಮಾತುಗಳನ್ನು ಬಿಟ್ಟು ನಡೆದದ್ದನ್ನು ಮಾತ್ರ ಹೇಳಿ.

ಸಿಟ್ಟು ಏರುತ್ತಿರುವಾಗ

ಬಾಯಿಗೆ ಮೊದಲು ದೇಹ ಸುಳಿವು ಕೊಡುತ್ತದೆ: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಎದೆಬಡಿತ ಹೆಚ್ಚುತ್ತದೆ, ದನಿ ಏರುತ್ತದೆ. ಆ ಸುಳಿವು ಸಿಕ್ಕೊಡನೆ ಮಾಡಬೇಕಾದ ಕೆಲಸ ಒಂದೇ, ಸ್ಥಳ ಬದಲಿಸುವುದು. ಆದರೆ ಬಾಗಿಲು ದಢಾರನೆ ಹಾಕಿ ಎದ್ದುಹೋದರೆ ಅದೂ ಜಗಳದ ಭಾಗವೇ ಆಗುತ್ತದೆ; ಹಿಂದೆ ಉಳಿದವರಿಗೆ ಅವಮಾನವಾಗುತ್ತದೆ, ಕೆಲವೊಮ್ಮೆ ಭಯವೂ ಆಗುತ್ತದೆ. ಆದ್ದರಿಂದ ಹೋಗುವ ಮುನ್ನ ಮರಳುವ ಸಮಯವನ್ನು ಹೇಳಿ: "ಈಗ ಮುಂದುವರಿಸಿದರೆ ಜಗಳವಾಗುತ್ತದೆ, ಅರ್ಧ ಗಂಟೆ ಹೊರಗಿದ್ದು ಬರುತ್ತೇನೆ, ಊಟವಾದ ಮೇಲೆ ಮಾತಾಡೋಣ." ಹೇಳಿದ ಸಮಯಕ್ಕೆ ಮರಳುವುದು ಹೋಗುವುದಕ್ಕಿಂತಲೂ ಮುಖ್ಯ. ನಾಲ್ಕು ಸಲ ಮರಳಿದರೆ ಐದನೆಯ ಸಲ ಮನೆಯವರು ತಡೆಯುವುದಿಲ್ಲ.

ಹೊರಗೆ ಹೋದಾಗ ನಡೆಯಿರಿ, ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನವಾಗಿಸಿ. ಬೈಕ್ ಹತ್ತಬೇಡಿ. ಮೊಬೈಲಿನಲ್ಲಿ ಉತ್ತರ ಬರೆಯಬೇಡಿ, ಅದರಲ್ಲೂ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಬಾಯಿಂದ ಬಂದ ಮಾತು ಮರೆತುಹೋಗಬಹುದು, ಅಲ್ಲಿ ಬರೆದದ್ದು ಚಿಕ್ಕಮ್ಮನವರೆಗೂ ತಲುಪಿರುತ್ತದೆ. ದಿಂಬಿಗೆ ಗುದ್ದಿದರೆ, ಕಿರುಚಿದರೆ ಸಿಟ್ಟು ಖಾಲಿಯಾಗುತ್ತದೆ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಅದು ಸಿಟ್ಟನ್ನು ಇಳಿಸುವುದಿಲ್ಲ, ಬೈದವರನ್ನು ನೆನೆಯುತ್ತಾ ಗುದ್ದಿದರೆ ಇನ್ನೂ ಏರಿಸುತ್ತದೆ.

ಜಗಳ ಆಗಿಯೇಹೋದರೆ

ಆಗುತ್ತದೆ. ಆಗ ಕ್ಷಮೆ ಚಿಕ್ಕದಾಗಿರಲಿ, ಮಾಡಿದ್ದನ್ನು ಹೆಸರಿಸಲಿ. "ಊಟದ ಹೊತ್ತಿನಲ್ಲಿ ಮಕ್ಕಳ ಮುಂದೆ ಕೂಗಾಡಿದೆ, ಅದು ತಪ್ಪಾಯಿತು" ಎಂದರೆ ಸಾಕು. "ನಾನೇ ಕೆಟ್ಟವನು, ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂಬ ದಾರಿಗೆ ಖಿನ್ನತೆ ಎಳೆಯುತ್ತದೆ. ಆಗ ನೊಂದವರೇ ನಿಮ್ಮನ್ನು ಸಂತೈಸಬೇಕಾಗುತ್ತದೆ, ಅವರ ನೋವು ಹಾಗೆಯೇ ಉಳಿಯುತ್ತದೆ. ಮಕ್ಕಳಿಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ದನಿಯೇರಿದಾಗ ಅದು ತಮ್ಮಿಂದಲೇ ಆಯಿತೆಂದು ಅವರು ಭಾವಿಸುವುದು ಸಹಜ: "ನನಗೆ ಹುಷಾರಿಲ್ಲ, ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ; ಕೂಗಿದ್ದು ನಿನ್ನ ತಪ್ಪಿನಿಂದಲ್ಲ."

ಖಿನ್ನತೆಯು ಸಿಟ್ಟಿಗೆ ಕಾರಣವನ್ನು ಕೊಡುತ್ತದೆಯೇ ಹೊರತು ಹೊಡೆಯುವ ಹಕ್ಕನ್ನು ಕೊಡುವುದಿಲ್ಲ. ಕೈಯೆತ್ತುವುದು, ವಸ್ತುಗಳನ್ನು ಎಸೆಯುವುದು, ಬೆದರಿಸುವುದು ನಡೆಯುತ್ತಿರುವ ಮನೆಯಲ್ಲಿ ಮೊದಲ ಪ್ರಶ್ನೆ ಉಳಿದವರ ಸುರಕ್ಷತೆಯದು. ಅವರು ತುರ್ತು ಸಂಖ್ಯೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದು ರೋಗಿಗೆ ಮಾಡುವ ದ್ರೋಹವಲ್ಲ.

ಔಷಧಿ ಮತ್ತು ವೈದ್ಯರು

ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಸಾಮಾನ್ಯವಾಗಿ ಕೆಲವು ವಾರಗಳೇ ಬೇಕು, ಆದರೆ ಅಡ್ಡಪರಿಣಾಮಗಳು ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳಬಹುದು. ಚಡಪಡಿಕೆ ಮತ್ತು ಸಿಡುಕು ಅವುಗಳಲ್ಲಿ ಸೇರಿವೆ. ಹಾಗೆ ಆದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. "ಈಗ ಚೆನ್ನಾಗಿದ್ದೇನಲ್ಲ" ಎಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೂ ತಲೆಸುತ್ತು, ನಿದ್ರಾಭಂಗ, ವಿಪರೀತ ಕಿರಿಕಿರಿ ಬರಬಹುದು. ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಹಂತಹಂತವಾಗಿ ಆಗಬೇಕು. ನಿದ್ರೆ ಬರಲೆಂದು ಕುಡಿಯುವ ಮದ್ಯವು ರಾತ್ರಿಯ ನಿದ್ರೆಯನ್ನು ಒಡೆದು, ನಾಲಗೆಯ ಹಿಡಿತವನ್ನೂ ತಪ್ಪಿಸುತ್ತದೆ. ಸಿಟ್ಟಿನ ಜೊತೆಗೆ ಕೆಲವು ದಿನ ನಿದ್ರೆಯೇ ಬೇಡವೆನಿಸುವುದು, ಮಾತು ವೇಗವಾಗುವುದು, ಹಣವನ್ನು ಲೆಕ್ಕವಿಲ್ಲದೆ ಖರ್ಚು ಮಾಡುವುದು ಕಂಡುಬಂದರೆ ಅದನ್ನು ತಪ್ಪದೆ ಹೇಳಿ. ಅದು ಮನಸ್ಸು ಅತಿ ಕುಸಿತ ಮತ್ತು ಅತಿ ಉತ್ಸಾಹಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆಯ ಸೂಚನೆಯಾಗಿರಬಹುದು, ಅದರ ಚಿಕಿತ್ಸೆಯೇ ಬೇರೆ. ಥೈರಾಯ್ಡ್ ತೊಂದರೆಯಿಂದಲೂ ಇಂಥ ಲಕ್ಷಣಗಳು ಬರಬಹುದು, ಆ ಪರೀಕ್ಷೆಯ ಬಗ್ಗೆಯೂ ಕೇಳಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು. ಸಾಯಬೇಕೆಂಬ ಯೋಚನೆ ಸುಳಿದರೆ ಬೆಳಗಾಗಲೆಂದು ಕಾಯದೆ ಅಲ್ಲಿಗೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ತಪಾಸಣೆ ಏರ್ಪಡಿಸುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ವೈದ್ಯರ ಎದುರು ಕುಳಿತಾಗ ಹೆಚ್ಚಿನವರು ನಿದ್ರೆಯಿಲ್ಲ, ಸುಸ್ತು ಎಂದಷ್ಟೇ ಹೇಳಿ, ಸಿಟ್ಟಿನ ವಿಷಯವನ್ನು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ. ನೀವು ಅದನ್ನೇ ಮೊದಲು ಹೇಳಿ. ಸಾಧ್ಯವಾದರೆ ನಿಮ್ಮ ಸಿಟ್ಟನ್ನು ಕಂಡ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ದು, ಅವರಿಗೂ ಐದು ನಿಮಿಷ ಮಾತಾಡಲು ಬಿಡಿ.