ರೊಟ್ಟಿ ಒಲೆಯ ಮುಂದೆ ಮೊಬೈಲು: ದಿನಚರಿಯ ಕಿರುಚಿತ್ರ ತೆಗೆಯುವ ಬಗೆ

ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಅವರ 2023ರ ‘ಪರ್ಫೆಕ್ಟ್ ಡೇಸ್’ ಚಿತ್ರದಲ್ಲಿ ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಒಬ್ಬಾತ ದಿನವೂ ಹಾಸಿಗೆ ಮಡಚುತ್ತಾನೆ, ಗಿಡಗಳಿಗೆ ನೀರು ಚಿಮುಕಿಸುತ್ತಾನೆ, ಬಾಗಿಲು ತೆರೆದು ಒಮ್ಮೆ ಆಕಾಶ ನೋಡಿ ಕೆಲಸಕ್ಕೆ ಹೊರಡುತ್ತಾನೆ. ಮೊದಲ ಬೆಳಗನ್ನು ವಿವರವಾಗಿ ತೋರಿಸಿರುವುದರಿಂದಲೇ ಮುಂದಿನ ಬೆಳಗುಗಳು ಚುಟುಕಾದರೂ ನಮಗೆ ಅರ್ಥವಾಗುತ್ತವೆ. ಅಂಥ ಚಿತ್ರವೊಂದನ್ನು ಕಲಬುರಗಿಯಲ್ಲಿ ಮೊಬೈಲಿನಲ್ಲೇ ತೆಗೆಯಲು ಬಯಸುವವರು ಈ ಒಂದು ಗುಟ್ಟನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರನ್ನು ಒಪ್ಪಿಸಿ, ಅವರ ಸಮಯಕ್ಕೆ ಹಣ ಎಷ್ಟೆಂದು ಮೊದಲೇ ಮಾತಾಡಿಕೊಂಡು, ಎರಡು ದಿನ ಮೊಬೈಲನ್ನು ಜೇಬಿನಲ್ಲೇ ಇಟ್ಟುಕೊಂಡು ಸುಮ್ಮನೆ ಕುಳಿತು ನೋಡಬೇಕು. ನಾನು ಹೋಗಿದ್ದ ಮನೆಯ ಅಕ್ಕ, “ಏನ್ ತಗೀತಿ ತಮ್ಮಾ, ದಿನಾ ಇದೇ ಅದ ನೋಡು” ಎಂದಿದ್ದರು. ನಮಗೆ ಬೇಕಾದದ್ದೂ ಅದೇ ಆಗಿತ್ತು.

ಕೆಲಸದ ಕ್ರಮವನ್ನು ತಿಳಿಯದೆ ಶಾಟ್ ಇಡುವುದು ವ್ಯರ್ಥ. ಹಿಟ್ಟಿಗೆ ಕುದಿಯುವ ಎಸರು ಹಾಕಿ, ಕೈ ತಡೆಯುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ನಾದುತ್ತಾರೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲದ್ದರಿಂದ ನಾದುವುದು ಸಾಲದಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಬಡಿಯುವಾಗ ಒಂದು ಕೈ ತಟ್ಟುತ್ತಿದ್ದರೆ ಇನ್ನೊಂದು ಕೈ ರೊಟ್ಟಿಯನ್ನು ತುಸು ತುಸು ತಿರುಗಿಸುತ್ತಿರುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಮಗುಚುತ್ತಾರೆ. ಆಮೇಲೆ ಕೆಂಡದ ಪಕ್ಕಕ್ಕೆ ಒಡ್ಡಿದಾಗ ರೊಟ್ಟಿ ಉಬ್ಬುತ್ತದೆ. ಇಷ್ಟನ್ನು ನೋಡಿಕೊಂಡರೆ ಕ್ಯಾಮೆರಾ ಎಲ್ಲಿರಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ: ನೆಲದಿಂದ ಎರಡಡಿ ಎತ್ತರದಲ್ಲಿ, ಕುಳಿತವರ ಕಣ್ಣಿನ ಮಟ್ಟಕ್ಕೆ. ಜಪಾನಿನ ಚಿತ್ರ ನಿರ್ದೇಶಕ ಯಸುಜಿರೊ ಓಜು ಕೂಡ ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವೇ ಇಡುತ್ತಿದ್ದರು. ಟ್ರೈಪಾಡ್ ಇಲ್ಲದಿದ್ದರೆ ಒಂದರ ಮೇಲೊಂದು ಇಟ್ಟಿಗೆ ಪೇರಿಸಿದರೆ ಸಾಕು, ಆದರೆ ಅವು ಇದ್ದ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಡಿ. ಚಿತ್ರ ತೆಗೆಯುವ ಮೂರು ದಿನವೂ ಅದೇ ಕೋನ ಸಿಗದಿದ್ದರೆ ದಿನಗಳ ನಡುವಿನ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಸೆಟ್ಟಿಂಗುಗಳನ್ನು ಮೊಬೈಲಿಗೇ ಬಿಟ್ಟು ನಾನು ಒಂದಿಡೀ ಬೆಳಗನ್ನು ಹಾಳುಮಾಡಿಕೊಂಡಿದ್ದೇನೆ: ಒಲೆಯಲ್ಲಿ ಉರಿ ಎದ್ದಾಗಲೆಲ್ಲ ಅಕ್ಕನ ಮುಖ ಕಪ್ಪಾಗುತ್ತಿತ್ತು. ಆದ್ದರಿಂದ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಲಾಕ್ ಮಾಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಬೇರೆ ವೇಗದಲ್ಲಿ ಟ್ಯೂಬ್‌ಲೈಟಿನ ಬೆಳಕು ಮಿಣುಕಬಹುದು. ಫ್ಯಾನ್ ಆರಿಸಲೇಬೇಕು, ಇಲ್ಲದಿದ್ದರೆ ಬಡಿಯುವ ಸದ್ದು ಅದರ ಗುಂಯ್‌ಗುಡುವಿಕೆಯಲ್ಲಿ ಮುಳುಗುತ್ತದೆ. ಇದೇ ಕಾರಣಕ್ಕೆ ಡಿಸೆಂಬರ್ ಅಥವಾ ಜನವರಿಯೇ ಒಳ್ಳೆಯದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಒಲೆಯ ಮುಂದೆ ಫ್ಯಾನ್ ಆರಿಸಿ ಎಂದು ಕೇಳುವುದೇ ತಪ್ಪು, ಮೊಬೈಲೂ ಕಾದು ನಿಂತುಬಿಡುತ್ತದೆ. ಹೊರಡುವ ಮುನ್ನ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನಷ್ಟೇ ಹಿಡಿದುಕೊಳ್ಳಿ. ಎಡಿಟಿಂಗಿನಲ್ಲಿ ತುಂಡುಗಳನ್ನು ಬೆಸೆಯಲು ಅದು ಬೇಕಾಗುತ್ತದೆ.

ಸಂದರ್ಶನ ಬೇಡವೇ ಬೇಡ. “ನೀವು ಸಂತೋಷವಾಗಿದ್ದೀರಾ” ಎಂದು ಕೇಳಿದರೆ ಯಾರಾದರೂ ಮರ್ಯಾದೆಗೆ ಹೌದು ಎನ್ನುತ್ತಾರೆ. ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆ ಗೋಡೆಗೆ ಒರಗಿ ಚಹಾ ಕುಡಿಯುವ ಆ ಐದು ನಿಮಿಷವನ್ನು ಕತ್ತರಿಸದೆ ಇಟ್ಟರೆ ಸಾಕು. ಹತ್ತು ನಿಮಿಷದ ಚಿತ್ರದಲ್ಲಿ ಮೊದಲ ದಿನದ ಕೆಲಸಕ್ಕೆ ಮೂರು ನಿಮಿಷ, ಎರಡನೆಯದಕ್ಕೆ ಒಂದೂವರೆ, ಮೂರನೆಯದಕ್ಕೆ ಅರ್ಧ ನಿಮಿಷ ಕೊಟ್ಟು, ಚಹಾವನ್ನು ಕೊನೆಗೆ ಇಡಿ. ಹಿನ್ನೆಲೆ ಸಂಗೀತದ ಆಸೆ ಬಂದರೆ ತಡೆದುಕೊಳ್ಳಿ.

ಚಿತ್ರವನ್ನು ಬೇರೆ ಯಾರಿಗಾದರೂ ತೋರಿಸುವ ಮೊದಲು ರೊಟ್ಟಿ ಬಡಿದವರಿಗೇ ತೋರಿಸಿ, ಏನನ್ನು ಕತ್ತರಿಸಿ ಬಿಡಬೇಕೆಂದು ಕೇಳಿ. ನಮ್ಮ ಅಕ್ಕ ಕೊನೆಯವರೆಗೂ ಸುಮ್ಮನೆ ನೋಡಿ, “ಎರಡನೇ ದಿನದ ರೊಟ್ಟಿ ಒಂದು ಹೊತ್ತ್ಯದ, ಅದು ಇರ್ಲಿ” ಎಂದರು.