ಕಾಶಿಯ ಘಾಟ್‌ಗಳನ್ನು ನೋಡುವ ಕ್ರಮ

ವಾರಾಣಸಿಯಲ್ಲಿ ಗಂಗೆ ಉತ್ತರಾಭಿಮುಖವಾಗಿ ಹರಿಯುವುದರಿಂದಲೂ ಹಳೆಯ ನಗರವು ಪಶ್ಚಿಮ ದಡದಲ್ಲಿರುವುದರಿಂದಲೂ ಸೂರ್ಯೋದಯದ ಬೆಳಕು ನೇರವಾಗಿ ಘಾಟ್‌ಗಳ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ನಸುಕಿನಲ್ಲಿಯೇ ದಕ್ಷಿಣ ತುದಿಯ ಅಸ್ಸಿ ಘಾಟ್‌ನಲ್ಲಿ, ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡು ದೋಣಿ ಹತ್ತಿ, ದಶಾಶ್ವಮೇಧವನ್ನು ದಾಟಿ ಮಣಿಕರ್ಣಿಕೆಯವರೆಗೆ ಸಾಗುವುದು ಉತ್ತಮ. ಹಿಂದಿರುಗುವಾಗ ಮೆಟ್ಟಿಲುಗಳ ಮೇಲೆಯೇ ನಡೆದು ಬನ್ನಿ. ದೋಣಿಯಿಂದ ಬರಿಯ ಗೋಡೆಗಳಂತೆ ಕಾಣುವ ಕಟ್ಟಡಗಳ ನಡುವಿನ ಓಣಿಗಳು, ಸಣ್ಣ ಗುಡಿಗಳು ಆಗಲೇ ಕಣ್ಣಿಗೆ ಬೀಳುತ್ತವೆ. ಮಳೆಗಾಲದಲ್ಲಿ ನೀರೇರಿ ಮೆಟ್ಟಿಲುಗಳು ಮುಳುಗುವುದರಿಂದ ಈ ಕ್ರಮ ಆಗ ಕೈಗೂಡದು. ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ಗಳಲ್ಲಿ ಉರಿಯುವ ಚಿತೆಗಳ ಚಿತ್ರ ತೆಗೆಯಬಾರದು. ವಿಶ್ವನಾಥ ದೇವಾಲಯದೊಳಗೆ ಮೊಬೈಲ್ ಒಯ್ಯುವಂತಿಲ್ಲ. ಸುಮಾರು 10 ಕಿಲೋಮೀಟರ್ ದೂರದ ಸಾರನಾಥಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ, ಆದರೆ ಶುಕ್ರವಾರ ಬೇಡ. ಅಶೋಕಸ್ತಂಭದ ತುದಿಯ ಸಿಂಹಶಿಲ್ಪವಿರುವ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.