ಮೆತ್ತನೆಯ ಸೀಟಿಲ್ಲದೆ ಗುಂಡ್ಲುಪೇಟೆಗೆ: ಹೊಸ ರೋಡ್ ಬೈಕಿನೊಡನೆ ನನ್ನ ಅನುಭವ

ಐವತ್ತರ ಹತ್ತಿರ ಬಂದವನು, ಅದರಲ್ಲೂ ಸೊಂಟನೋವು ಇರುವವನು, ರೋಡ್ ಬೈಕು ಎಂಬ ವೇಗದ ಸೈಕಲಿನ ಕೆಳಬಾಗಿದ ಡ್ರಾಪ್ ಹ್ಯಾಂಡಲ್‌ನ ಗೊಡವೆಗೆ ಹೋಗದೆ ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲಿನಲ್ಲೇ ಇರುವುದು ಲೇಸೆಂದು ಮೈಸೂರಿನ ನಮ್ಮ ಬೆಳಗಿನ ಸೈಕಲ್ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದರು. ಈಗ ನಂಜನಗೂಡಿನ ಮೇಲೆ ಗುಂಡ್ಲುಪೇಟೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದು, ಅಂದರೆ ಸುಮಾರು 120 ಕಿ.ಮೀ., ನನಗೆ ಭಾನುವಾರದ ವಾಡಿಕೆಯಾಗಿದೆ. ಮರುದಿನ ಕುರ್ಚಿಯಿಂದ ಏಳುವಾಗ ಮೇಜನ್ನು ಹಿಡಿದುಕೊಳ್ಳಬೇಕಾಗಿಲ್ಲ. ಹೇಗೆ ಸಾಧ್ಯವಾಯಿತು ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ರೇಸ್ ಬೈಕು. ಸುಮಾರು 45,000 ರೂಪಾಯಿ ಕೊಟ್ಟು ತಂದಿದ್ದ ಅದರಲ್ಲಿ 25 ಮಿ.ಮೀ. ಟಯರ್ ಇತ್ತು. ಒಂದು ಗಂಟೆ ತುಳಿಯುವಷ್ಟರಲ್ಲಿ ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಜೋಮು ಹಿಡಿಯುತ್ತಿತ್ತು. ಎರಡು ಗಂಟೆಯಾದರೆ ಕತ್ತಿನ ಬುಡ ಬಿಗಿಯುತ್ತಿತ್ತು. ಎಲ್ಲರಂತೆ ನಾನೂ ಮೊದಲು ಮೆತ್ತೆಗಳ ಮೇಲೆ ದುಡ್ಡು ಸುರಿದೆ: ಜೆಲ್ ಸೀಟು, ದಪ್ಪ ಪ್ಯಾಡಿನ ಗ್ಲೌಸು, ಸ್ಪ್ರಿಂಗ್ ಇರುವ ಸೀಟ್‌ಪೋಸ್ಟು, ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಜೆಲ್ ಸೀಟು ಅರ್ಧ ಗಂಟೆ ಹಿತವಾಗಿದ್ದು ಆಮೇಲೆ ಕುಳಿಬಿದ್ದು ತೊಡೆಯ ಸಂದನ್ನು ಒತ್ತತೊಡಗಿತು. ಸ್ಪ್ರಿಂಗು ಚಾಮುಂಡಿ ಬೆಟ್ಟದ ಏರಿನಲ್ಲಿ ಪ್ರತಿ ತುಳಿತಕ್ಕೂ ಕುಣಿಯಿತು. ಅವೆಲ್ಲ ಅರ್ಧ ಬೆಲೆಗೆ ಮಾರಿಹೋದವು.

ಹೊಸ ಬೈಕಿನ ವಿಚಾರದಲ್ಲಿ ನಾನು ಅಂಗಡಿಯಿಂದಲ್ಲ, ನನ್ನ ಹಳೆಯ ಹೈಬ್ರಿಡ್‌ನಿಂದ ಆರಂಭಿಸಿದೆ. ಅದು ನಿಧಾನದ ಸೈಕಲಾದರೂ ಅದರ ಮೇಲೆ ಮೈ ಎಂದೂ ನೊಂದಿರಲಿಲ್ಲ. ಗೋಡೆಗೆ ಒರಗಿಸಿ, ದಾರಕ್ಕೆ ನಟ್ ಕಟ್ಟಿ ತೂಗುಗುಂಡು ಮಾಡಿಕೊಂಡು, ಕೈ ಕೂರುವ ಜಾಗ ಕ್ರ್ಯಾಂಕಿನ, ಅಂದರೆ ಪೆಡಲುಗಳು ತಿರುಗುವ ಅಚ್ಚಿನ, ನಡುವಿನಿಂದ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಎಂಬುದನ್ನು ಟೇಪಿನಿಂದ ಅಳೆದು ಬರೆದುಕೊಂಡೆ. ಡ್ರಾಪ್ ಹ್ಯಾಂಡಲ್‌ನಲ್ಲಿ ಹುಡ್‌ಗಳು (ಬ್ರೇಕ್ ಲಿವರಿನ ಮೇಲಿನ ಹಿಡಿಗಳು) ಎಷ್ಟು ಮುಂದಕ್ಕೆ ಚಾಚುತ್ತವೆ ಎಂಬುದನ್ನೂ ಹ್ಯಾಂಡಲನ್ನು ಬೈಕಿಗೆ ಜೋಡಿಸುವ ಸ್ಟೆಮ್ಮಿನ ಉದ್ದವನ್ನೂ ಕಳೆದಾಗ, ನನಗೆ ಬೇಕಾದದ್ದು 590 ಮಿ.ಮೀ.ಗೆ ಮೇಲಿನ ಸ್ಟ್ಯಾಕ್ (ಕ್ರ್ಯಾಂಕಿನಿಂದ ಫ್ರೇಮಿನ ಮುಂದಿನ ತುದಿಗೆ ಇರುವ ಎತ್ತರ), 380ರ ಒಳಗಿನ ರೀಚ್ (ಅದೇ ತುದಿ ಎಷ್ಟು ಮುಂದಿದೆ ಎಂಬ ಅಳತೆ) ಎಂದು ತಿಳಿಯಿತು. ಅಂಗಡಿಯಾತ ನನ್ನ ಎತ್ತರ ಕೇಳಿ, ಗೋಡೆಯ ಮೇಲಿನ ಪಟ್ಟಿ ನೋಡಿ, ಸ್ಟಾಕಿನಲ್ಲಿದ್ದ 54ರ ಸೈಜಿನ ರೇಸ್ ಫ್ರೇಮನ್ನೇ ಮುಂದಿಟ್ಟು, "ಸಾರ್, ಸ್ಪೇಸರ್ ಹಾಕಿ ಎತ್ತರ ಮಾಡಿಕೊಡ್ತೀವಿ, ಹತ್ತು ದಿನದಲ್ಲಿ ಮೈ ಒಗ್ಗುತ್ತೆ" ಎಂದ. ಸ್ಪೇಸರ್‌ನಿಂದ, ಅಂದರೆ ಸ್ಟೆಮ್ಮಿನ ಕೆಳಗೆ ಪೇರಿಸುವ ಬಳೆಗಳಿಂದ, ಹ್ಯಾಂಡಲನ್ನು 1 ಸೆಂ.ಮೀ. ಏರಿಸಿದರೆ ಅದು ಸುಮಾರು 3 ಮಿ.ಮೀ. ಹಿಂದಕ್ಕೂ ಬರುತ್ತದೆ, ಸ್ಟೀರರಿನ (ಸ್ಟೆಮ್ ಕೂರುವ ಕೊಳವೆಯ) ಮೇಲೆ ಸ್ಪೇಸರುಗಳ ಗೋಪುರ ಕಟ್ಟಿದ ಬೈಕನ್ನು ಇಳಿಜಾರಿನಲ್ಲಿ ನಾನು ನೆಚ್ಚಲಾರೆ. ಎತ್ತರ ಫ್ರೇಮಿನಲ್ಲೇ ಇರಬೇಕು. ಕಡೆಗೆ ಬೇರೆ ಕಡೆ ಹೇಳಿ, ಎರಡು ತಿಂಗಳ ಹತ್ತಿರ ಕಾದು, ದೂರದ ಸವಾರಿಗೆಂದು ಮಾಡಿದ ಎಂಡ್ಯೂರೆನ್ಸ್ ಮಾದರಿಯ 56ರ ಅಲ್ಯುಮಿನಿಯಂ ಫ್ರೇಮಿನ ಬೈಕು ತರಿಸಿದೆ. ಬೆಲೆ ಒಂದು ಲಕ್ಷದ ಹತ್ತು ಸಾವಿರದಷ್ಟು. ಕಾರ್ಬನ್ನಿಗೆ ಇನ್ನೂ ಒಂದು ಲಕ್ಷ ಸೇರಿಸಬೇಕಿತ್ತು. 35 ಮಿ.ಮೀ. ಟಯರಿಗೆ ಜಾಗ ಇರಬೇಕು, ಏರು ಹತ್ತಲು ಮುಂದೆ 34, ಹಿಂದೆ 34 ಹಲ್ಲಿನ ಹಗುರ ಗೇರು ಸಿಗಬೇಕು ಎಂಬ ಎರಡು ಷರತ್ತುಗಳಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಫ್ರೇಮಿನ ಮುಂದಿನ ಕೊಳವೆಯಾದ ಹೆಡ್‌ಟ್ಯೂಬ್ ಉದ್ದವಿರುವುದನ್ನು ಕಂಡು ಗುಂಪಿನವರು ಅದಕ್ಕೆ "ತಾತನ ಗಾಡಿ" ಎಂದು ಹೆಸರಿಟ್ಟರು.

ಬೈಕು ಬಂದ ಮೇಲೂ ಜೋಮು ಪೂರ್ತಿ ಹೋಗಲಿಲ್ಲ ಎಂಬುದು ಅವರಿಗೆ ಒಳ್ಳೆಯ ಆಹಾರವಾಯಿತು. ಸೀಟನ್ನು ಮುಂದಕ್ಕೆ ಎಳೆದು ಹ್ಯಾಂಡಲಿಗೆ ಹತ್ತಿರವಾಗು ಎಂಬುದು ಎಲ್ಲರ ಸಲಹೆ. ಸುಮಾರು 6,000 ರೂಪಾಯಿ ಪಡೆದು ಬೈಕನ್ನು ಮೈಗೆ ಹೊಂದಿಸುವ ಫಿಟ್ಟಿಂಗ್ ಮಾಡಿಕೊಟ್ಟವರೂ ಅದನ್ನೇ ಮಾಡಿದ್ದರು. ನಾನು ಅದಕ್ಕೆ ತಿರುಗುಮುರುಗಾಗಿ ಸೀಟನ್ನು ಒಂದು ಸೆಂ.ಮೀ.ಗಿಂತ ತುಸು ಹೆಚ್ಚೇ ಹಿಂದಕ್ಕೆ ತಳ್ಳಿದೆ. ಸೀಟು ಪೆಡಲಿನ ಮೇಲೆ ತೀರ ಮುಂದೆ ಬಂದಿದ್ದರೆ ಮುಂಡದ ಭಾರವೆಲ್ಲ ಅಂಗೈಯ ಮೇಲೆ ಬೀಳುತ್ತದೆ. ಹಿಂದೆ ಸರಿದಾಗ ಆ ಭಾರವನ್ನು ಸೊಂಟ ಮತ್ತು ಕಾಲುಗಳು ತೆಗೆದುಕೊಳ್ಳುತ್ತವೆ. ಹಿಂದೆ ಸರಿಸಿದ ಮೇಲೆ ಸೀಟನ್ನು ಎರಡು ಮೂರು ಮಿ.ಮೀ. ಇಳಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಮೊಣಕಾಲಿನ ಹಿಂಬದಿ ಎಳೆಯುತ್ತದೆ. ಪರೀಕ್ಷೆ ಸುಲಭ: ಟ್ರೇನರಿನ (ಬೈಕನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡಿನ) ಮೇಲೆ ಸ್ವಲ್ಪ ಬಲವಾಗಿ ತುಳಿಯುತ್ತಾ ಹುಡ್‌ನಿಂದ ಎರಡೂ ಕೈಗಳನ್ನು ಬೆರಳಗಲ ಎತ್ತಬೇಕು, ಮುಂದಕ್ಕೆ ಮುಗ್ಗರಿಸದೆ ಕ್ಷಣಕಾಲ ನಿಲ್ಲಲಾದರೆ ಸೀಟು ಸರಿಯಾದ ಜಾಗದಲ್ಲಿದೆ. ಸೀಟಿನ ಅಗಲವನ್ನು ರಟ್ಟಿನ ಡಬ್ಬಿಯ ಹಾಳೆಯ ಮೇಲೆ ಕುಳಿತು, ಕೂರುವ ಮೂಳೆಗಳಿಂದ ಬಿದ್ದ ಎರಡು ಕುಳಿಗಳ ನಡುವಿನ ಅಂತರ ಅಳೆದು ನಿರ್ಧರಿಸಿದೆ. ನನ್ನದು 12 ಸೆಂ.ಮೀ.ಗೆ ಹತ್ತಿರ ಬಂತು. ಈಗಿರುವುದು 143 ಮಿ.ಮೀ. ಅಗಲದ, ಕೈಯಿಂದ ಒತ್ತಿದರೆ ಮರದಂತಿರುವ ಸೀಟು.

ಇನ್ನು ಟಯರಿನ ಗಾಳಿಯ ವಿಷಯ. ಗುಂಪಿನಲ್ಲಿ 100 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಕಡಿಮೆ ಹಾಕುವುದು ಅವಮಾನವೆಂಬಂತಿತ್ತು. ನಾನು 32 ಮಿ.ಮೀ. ಟಯರು ಹಾಕಿ, 78 ಕಿಲೋ ತೂಕಕ್ಕೆ 75ರಿಂದ ಆರಂಭಿಸಿ, ವಾರಕ್ಕೊಮ್ಮೆ ಐದೈದು ಇಳಿಸುತ್ತಾ, ಒಂದೇ ದಾರಿಯಲ್ಲಿ ಒಂದೇ ಹೊತ್ತಿಗೆ ಓಡಿಸಿ ನೋಡಿದೆ. ಹಿಂದಿನ ಚಕ್ರ 60ರ ಆಸುಪಾಸಿಗೆ ಇಳಿದಾಗ, ಮುಂದಿನದು ಅದಕ್ಕಿಂತ ಸ್ವಲ್ಪ ಕಡಿಮೆಯಿದ್ದಾಗ, ತೇಪೆ ಹಾಕಿದ ಡಾಂಬರಿನ ಮೇಲೆ ಕೈಗೆ ಬರುತ್ತಿದ್ದ ಝುಂ ಎನ್ನುವ ನಡುಕ ನಿಂತಿತು. ಸರಾಸರಿ ವೇಗ ಇಳಿಯಲಿಲ್ಲ, ದೂರ ಹೆಚ್ಚಾದಂತೆ ತುಸು ಏರಿತು. ಒರಟು ರಸ್ತೆಯಲ್ಲಿ ಕಲ್ಲಿನಂಥ ಟಯರು ಪುಟಿಯುವುದರಲ್ಲೇ ಶಕ್ತಿ ಕಳೆಯುತ್ತದೆ. 50ಕ್ಕೂ ಇಳಿಸಿ ನೋಡಿದೆ: ರಸ್ತೆಯುಬ್ಬಿನಲ್ಲಿ ರಿಮ್ಮು ತಾಗಿ ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು ಬಿದ್ದವು. ಬೆನ್ನಿಗೆ ಟ್ಯೂಬ್‌ಲೆಸ್ ಪ್ರಯೋಗವೂ ನಡೆಯಿತು. ಸೀಲೆಂಟ್ (ತೂತು ಮುಚ್ಚುವ ದ್ರವ), ಟೇಪು, ವಾಲ್ವ್ ಎಂದು ಮೂರು ಸಾವಿರ ಖರ್ಚಾಗಿ, ನಮ್ಮ ಬೇಸಿಗೆಗೆ ಸೀಲೆಂಟ್ ಬೇಗ ಒಣಗುತ್ತದೆಂದು ತಿಳಿದು, ಮತ್ತೆ ಟ್ಯೂಬಿಗೇ ಬಂದೆ.

ಮೈ ಒಗ್ಗಲು ಹತ್ತು ದಿನವಲ್ಲ, ಎರಡೂವರೆ ತಿಂಗಳಾದರೂ ಬೇಕಾಯಿತು. ಮೊದಲು ರಿಂಗ್ ರಸ್ತೆಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ಶ್ರೀರಂಗಪಟ್ಟಣ, ಆಮೇಲೆ ನಂಜನಗೂಡು. ಡ್ರಾಪ್ಸ್, ಅಂದರೆ ಹ್ಯಾಂಡಲಿನ ಕೆಳಬಾಗಿದ ಭಾಗ, ಹಿಡಿಯುವುದು ಇಳಿಜಾರಿನಲ್ಲಿ ಮತ್ತು ಎದುರುಗಾಳಿಯಲ್ಲಿ ಮಾತ್ರ, ಅದೂ ಐದೈದು ನಿಮಿಷ. ಈಗ ಹ್ಯಾಂಡಲು ತುಸು ಇಳಿಯಲೆಂದು ಮೂರು ಸ್ಪೇಸರುಗಳಲ್ಲಿ ಒಂದನ್ನು ತೆಗೆದು ಸ್ಟೆಮ್ಮಿನ ಮೇಲಕ್ಕೆ ಹಾಕಿದ್ದೇನೆ. ಸ್ಟೀರರನ್ನು ಕತ್ತರಿಸಿಬಿಡಿ, ನೋಡಲು ಚೆನ್ನಾಗಿರುತ್ತದೆ ಎಂದು ಮೆಕ್ಯಾನಿಕ್ ಒತ್ತಾಯಿಸುತ್ತಲೇ ಇದ್ದಾನೆ. ಚಳಿಗಾಲದಲ್ಲಿ ಸೊಂಟ ಹೇಗಿರುತ್ತದೆಂದು ನೋಡದೆ ಅದಕ್ಕೆ ಗರಗಸ ತಾಗಿಸಲು ಬಿಡುವುದಿಲ್ಲ.